ಹದಿನೈದು ದಿನಕ್ಕೆ ರಾಗಿ ತೆನೆ ಕಟ್ಟುತ್ತಾ ಸ್ವಾಮಿ?

ಜರ್ನಲ್‌ಗೆ ಪೇಪರ್ ಕಳಿಸಿದವರು ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡು ಕಾಯಬೇಕು. ‘ತಿದ್ದಿ ಕಳಿಸಿ’ ಅಂತ ಉತ್ತರ ಬಂದ ಮೇಲೆ ಅವರಿಗೆ ಸಿಗೋದು ಮಾತ್ರ ಎಣಿಸಿದ ದಿನಗಳು. ಇದ್ಯಾವ ನ್ಯಾಯ?

ನಾನು ಬಿ.ಇ. ಮುಗಿಸಿ ಕೋಡ್ ಬರೆಯೋನು, ಪೇಪರ್ ಬರೆಯೋನಲ್ಲ. ಆದರೆ ನಮ್ಮಕ್ಕ ಊರ ಹತ್ತಿರದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ರಾಗಿ ಬೆಳೆಯ ಮೇಲೆ ಪಿಎಚ್‌ಡಿ ಮಾಡ್ತಿದ್ದಾಳೆ. ಒಂದು ಜರ್ನಲ್ ಅವಳ ಪೇಪರನ್ನು ಎಂಟು ತಿಂಗಳು ಇಟ್ಟುಕೊಂಡು, ‘ಇನ್ನೊಂದು ಹಂಗಾಮಿನ ಅಂಕಿ ಅಂಶ ಸೇರಿಸಿ’ ಅಂದಿತು. ಸಲಹೆ ಒಳ್ಳೆಯದೇ. ಗಡುವು? ಹದಿನೈದು ದಿನ! ರಾಗಿ ತೆನೆ ಕಟ್ಟಿ ಕೊಯ್ಲಿಗೆ ಬರೋಕೆ ಮೂರೂವರೆ, ನಾಲ್ಕು ತಿಂಗಳು ಬೇಕು ಅನ್ನೋದು ನಮ್ಮೂರಿನ ಮಕ್ಕಳಿಗೂ ಗೊತ್ತು. ಟೈಮ್ ಕೇಳಿ ಬರೆದ ಮೇಲ್‌ಗೆ ಉತ್ತರವಿಲ್ಲ. ಹದಿನಾರನೇ ದಿನ ಪೋರ್ಟಲ್ ಬಾಗಿಲು ಹಾಕಿತು. ಬೇಕಿದ್ದರೆ ಹೊಸದಾಗಿ ಸಲ್ಲಿಸಿ, ಮತ್ತೆ ಮೊದಲಿಂದ ಕಾಯಿರಿ.

ಐಟಿಯವರಿಗೆ ಈ ಆಟ ಹೊಸದೇನಲ್ಲ. ಎಸ್‌ಎಲ್‌ಎ ನಂಬರ್ ಚೆನ್ನಾಗಿ ಕಾಣಲಿ ಅಂತ ಟಿಕೆಟ್ ಕ್ಲೋಸ್ ಮಾಡಿ, ‘ಹೊಸದು ಓಪನ್ ಮಾಡಿ’ ಅನ್ನೋರನ್ನು ನೋಡಿಲ್ವಾ? ಹೊಸ ಸಲ್ಲಿಕೆ ಅಂದರೆ ಹೊಸ ತಾರೀಖು. ‘ನಾವು ಬೇಗ ಪ್ರಕಟಿಸುತ್ತೇವೆ’ ಅಂತ ಜಂಬ ಕೊಚ್ಚಿಕೊಳ್ಳೋಕೆ ಅನುಕೂಲ. ಸಮಸ್ಯೆ ಮಾತ್ರ ಇದ್ದಲ್ಲೇ ಇದೆ.

ಪಿಎಚ್‌ಡಿಗೆ ಪೇಪರ್ ಕಡ್ಡಾಯ ಅನ್ನೋದನ್ನು ಯುಜಿಸಿ 2022ರ ನಿಯಮದಲ್ಲಿ ಕೈಬಿಟ್ಟಿದೆ, ನಿಜ. ಆದರೆ ಅಧ್ಯಾಪಕರ ಹುದ್ದೆಗೆ ಶಾರ್ಟ್‌ಲಿಸ್ಟ್ ಮಾಡುವಾಗ ಪೇಪರಿಗೆ ಅಂಕ ಇದ್ದೇ ಇದೆ. ದೊಡ್ಡ ಲ್ಯಾಬ್, ನಾಲ್ಕು ಜನ ವಿದ್ಯಾರ್ಥಿಗಳು ಇರೋ ಪ್ರೊಫೆಸರ್ ಹದಿನೈದು ದಿನದಲ್ಲಿ ಏನಾದರೂ ಹೊಂದಿಸಿಯಾರು. ಪಾಠ, ಮೌಲ್ಯಮಾಪನ, ಮನೆ, ಹೊಲ ಎಲ್ಲಾ ಒಬ್ಬಳೇ ನೋಡಿಕೊಳ್ಳೋಳು ಏನು ಮಾಡಬೇಕು? ಗಡುವು ಎಲ್ಲರಿಗೂ ಒಂದೇ ಅನ್ನೋದು ಹೇಳೋಕೆ ಚೆಂದ, ಅಷ್ಟೇ.

‘ಗಡುವೇ ಇಲ್ಲದಿದ್ದರೆ ಪೇಪರ್‌ಗಳು ಕೊಳೆಯುತ್ತವೆ, ವಿಮರ್ಶಕರಿಗೆ ಓದಿದ್ದೇ ಮರೆತುಹೋಗುತ್ತೆ’ ಅಂತೀರಿ. ಒಪ್ಪಿದೆ. ಗಡುವು ಬೇಡ ಅಂತ ನಾನೂ ಹೇಳ್ತಿಲ್ಲ. ಆದರೆ ಅದು ಕೇಳಿದ ಕೆಲಸಕ್ಕೆ ತಕ್ಕ ಹಾಗಿರಬೇಕು. ಕಾಗುಣಿತ ತಿದ್ದೋಕೆ ವಾರ ಸಾಕು. ಬೆಳೆ ಬೆಳೆಯೋಕೆ ಸಾಲದು.

ಶೇಷಾದ್ರಿಪುರಂನ ನನ್ನ ರೂಮಿನಿಂದ ಸೆಂಟ್ರಲ್ ಕಾಲೇಜು ಹೆಚ್ಚು ದೂರವಿಲ್ಲ. ಅಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಎಂ.ಟಿ. ನಾರಾಯಣ ಅಯ್ಯಂಗಾರ್ ಅವರು ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿಯ ಜರ್ನಲ್‌ಗೆ ಸಂಪಾದಕರು. ಕೆಲಸವಿಲ್ಲದ ಒಬ್ಬ ಹುಡುಗ ಕಳಿಸಿದ ಬರಹ ಅರ್ಥವಾಗೋದೇ ಕಷ್ಟವಿತ್ತು. ಅವರು ಬಾಗಿಲು ಹಾಕಲಿಲ್ಲ. ಹಸ್ತಪ್ರತಿ ಮೂರು ಸಲ ಹೋಗಿ ಬಂದು, 1911ರಲ್ಲಿ ಅಚ್ಚಾಯಿತು. ಆ ಹುಡುಗ ಶ್ರೀನಿವಾಸ ರಾಮಾನುಜನ್. ಆಂಡ್ರ್ಯೂ ವೈಲ್ಸ್ ಅವರ ಫರ್ಮಾ ಪ್ರಮೇಯದ ಸಾಧನೆಯಲ್ಲಿ 1993ರಲ್ಲಿ ವಿಮರ್ಶೆಯ ಹೊತ್ತಿಗೆ ದೋಷ ಸಿಕ್ಕಿತು. ಸರಿಹೋಗೋಕೆ ವರ್ಷ ಹಿಡಿಯಿತು. ಕೋವಿಡ್ ಬಂದಾಗ 2020ರಲ್ಲಿ ‘ಈಲೈಫ್’ ಜರ್ನಲ್, ತಿದ್ದೋಕೆ ಬೇಕಾದಷ್ಟು ಸಮಯ ತಗೊಳ್ಳಿ ಅಂತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಹಾಗಾಗಿ ಕೇಳೋದು ಇಷ್ಟೇ. ಲೇಖಕರಿಗೆ ಗಡುವು ಇದ್ದರೆ ಸಂಪಾದಕರಿಗೂ ಇರಲಿ. ಟೈಮ್ ಕೇಳಿದವರಿಗೆ ಮನುಷ್ಯರೊಬ್ಬರು ಉತ್ತರ ಕೊಡಲಿ. ತಡವಾದರೆ ಹಳೇ ಸಲ್ಲಿಕೆಯ ತಾರೀಖು ಅಳಿಸಬೇಡಿ. ಇದನ್ನೂ ಮಾಡೋಕಾಗಲ್ಲ ಅಂದರೆ, ಇನ್ನೊಂದು ಬೆಳೆ ತೆಗೆದು ತೋರಿಸಿ ಅಂತ ಕೇಳೋ ಹಕ್ಕೂ ನಿಮಗಿಲ್ಲ.