ಕಾಲು ಶತಮಾನದ ಕೊಳಚೆ, ಲೆಕ್ಕಕ್ಕೆ ಬಾರದ ಕೆಸರು

ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ನಮ್ಮ ಕರಾವಳಿಗೆ ಅದರ ಬಿಸಿ ತಟ್ಟಲು ಮತ್ತೆ ಕಾಲು ಶತಮಾನ ಹಿಡಿಯಿತು. 1999ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಗೆ ಹತ್ತು ಪಟ್ಟಣಗಳನ್ನು ಆರಿಸಿದಾಗ ಭಟ್ಕಳಕ್ಕೆ ಜಾಗ ಸಿಕ್ಕಿತು. ಹೊನ್ನಾವರ, ಕುಮಟಾ ಹೊರಗುಳಿದವು. ಇಂದು ನೋಡಿದರೆ ಮೂರೂ ಊರಿಗೆ ಕೊಳಚೆಯ ಕಾಟ ತಪ್ಪಿಲ್ಲ. ಭಟ್ಕಳದ ಘೌಸಿಯಾ ಸ್ಟ್ರೀಟಿನ ವೆಟ್‌ವೆಲ್ (ಕೊಳಚೆ ಕೂಡಿಟ್ಟು ಪಂಪ್ ಮಾಡುವ ಬಾವಿ) ಉಕ್ಕಿ ಶರಾಬಿ ಹೊಳೆ ಸೇರುತ್ತದೆ, ಆಸುಪಾಸಿನ ಬಾವಿಗಳು ಕೆಟ್ಟಿವೆ ಎಂಬ ದೂರು ವರ್ಷಗಳಿಂದ ಕೇಳಿಬರುತ್ತಿದೆ. ಉಳಿದೆರಡು ಊರುಗಳ ಬಹುಪಾಲು ಮನೆಗಳಿಗೆ ಸೆಪ್ಟಿಕ್ ಟ್ಯಾಂಕೇ ಗತಿ. ಜಂಬಿಟ್ಟಿಗೆಯ ನೆಲ ತೂತುತೂತು. ಮಳೆಗಾಲದಲ್ಲಿ ಗುಂಡಿಯ ನೀರು ಬಾವಿಗಿಳಿಯಲು ಹೆಚ್ಚು ಹೊತ್ತು ಬೇಡ.

ಇಷ್ಟು ವರ್ಷ ನಮ್ಮ ಚರ್ಚೆಯೆಲ್ಲ ಪೈಪು, ಪಂಪುಗಳ ಬಗ್ಗೆ ನಡೆಯಿತು. ತಳದಲ್ಲಿ ಉಳಿಯುವ ಕಪ್ಪು ಕೆಸರು, ಆ ಸ್ಲಡ್ಜ್, ಎಲ್ಲಿ ಹೋಗುತ್ತದೆಂದು ಕೇಳಲಿಲ್ಲ. ದೊಡ್ಡ ಲೋಪ ಇದೇ.

ಇದೇ ಅವಧಿಯಲ್ಲಿ ಹೊರಗಿನ ಪ್ರಯೋಗಾಲಯಗಳು ಆ ಕೆಸರಿಗೆ ಹೊಸ ಉಪಯೋಗ ಕಂಡುಕೊಂಡವು. 2000ದ ಆಸುಪಾಸಿನಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನ ತೆರೇಸಾ ಬ್ಯಾಂಡೋಶ್ ಅವರ ತಂಡ, ಕೊಳಚೆ ಕೆಸರಿನ ಗೊಬ್ಬರದ ಹರಳುಗಳನ್ನು ಗಾಳಿಯಾಡದಂತೆ 950 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿತು. ಉಳಿದ ಇದ್ದಿಲು ಹೈಡ್ರೋಜನ್ ಸಲ್ಫೈಡ್ ಹಿಡಿಯುವುದರಲ್ಲಿ ತೆಂಗಿನ ಚಿಪ್ಪಿನ ಇದ್ದಿಲಿಗೆ ಕಡಿಮೆಯಿರಲಿಲ್ಲ. ಕೆಸರಿನೊಳಗಿನ ಕಬ್ಬಿಣ, ಸುಣ್ಣದಂಥ ಅಂಶಗಳು ಅನಿಲವನ್ನು ಗಂಧಕವಾಗಿಸಿ ಇದ್ದಿಲಿನ ರಂಧ್ರಗಳಲ್ಲೇ ಕೂರಿಸುತ್ತವೆ. ವೆಟ್‌ವೆಲ್ ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯಂತೆ ಮೂಗಿಗೆ ಬಡಿಯುವುದು ಈ ಅನಿಲವೇ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು 100 ಭಾಗ ಮುಟ್ಟಿತೆಂದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯದು. ಮ್ಯಾನ್‌ಹೋಲಿಗೆ ಇಳಿದವರ ಜೀವ ತೆಗೆಯುವುದೂ ಇದೇ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳಗಿಳಿದವರನ್ನು ಇದ್ದಿಲು ಕಾಯದು. ಮನುಷ್ಯರನ್ನು ಇಳಿಸದಿರುವುದೊಂದೇ ದಾರಿ. ಊರ ಮಧ್ಯದ ವೆಟ್‌ವೆಲ್‌ನ ಗಾಳಿಕೊಳವೆಗೆ ಮಾತ್ರ ಈ ಇದ್ದಿಲು ತಕ್ಕ ವಸ್ತು.

ಇಂಥ ಇದ್ದಿಲನ್ನು ಇಲ್ಲೇ ಮಾಡಲು ತೊಡಕುಗಳಿವೆ. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆಯಲ್ಲಿ ಬಯಲಿನಲ್ಲಿ ಕೆಸರು ಒಣಗದು. ಕಾಯಿಸಲು ಇಂಧನ ಬೇಕು. ಸೀಸ, ಕ್ಯಾಡ್ಮಿಯಂ ಇದೆಯೇ ಎಂದು ಮೊದಲು ಪರೀಕ್ಷೆಯಾಗಬೇಕು. ಒಂದೊಂದು ಊರಿನ ಕೆಸರು ಒಂದು ಕುಲುಮೆಗೆ ಸಾಲದು. ಆದರೆ ಚಿಕ್ಕ ಊರಿಗೆ ಇದೆಲ್ಲ ಆಗದ ಮಾತು ಎನ್ನುವಂತಿಲ್ಲ. ದೇವನಹಳ್ಳಿಯ ಘಟಕ 2015ರಿಂದ ಟ್ಯಾಂಕರಿನಲ್ಲಿ ಬಂದ ಸೆಪ್ಟಿಕ್ ಕೆಸರನ್ನು ಸಂಸ್ಕರಿಸಿ ಗೊಬ್ಬರದ ದಾರಿ ತೋರಿದೆ.

ಕುಮಟಾ ಬಳಿಯ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಬಳಚು ಹೆಕ್ಕಿ ಬದುಕುವವರ ಆ ನೀರಿಗೆ ಒಂದು ಟ್ಯಾಂಕರ್ ಕೆಸರೂ ಸುರಿಯಬಾರದು. ಮೂರೂ ಸ್ಥಳೀಯ ಸಂಸ್ಥೆಗಳು ಸೇರಿ ಮಾಡು ಹೊದಿಸಿದ ಒಂದು ಒಣಗುಕಣ ಕಟ್ಟಲಿ, ಕೆಸರಿನ ಮಾದರಿಯನ್ನು ಪರೀಕ್ಷೆಗೆ ಕಳಿಸಲಿ. ಓದುಗರೂ ಮುಂದಿನ ಸಲ ಟ್ಯಾಂಕು ಖಾಲಿ ಮಾಡಿಸುವಾಗ, ಇದನ್ನು ಎಲ್ಲಿ ಸುರಿಯುತ್ತೀರಿ ಎಂದು ಚಾಲಕರನ್ನು ಕೇಳಿ, ಉತ್ತರವನ್ನು ವಾರ್ಡಿನ ಸದಸ್ಯರಿಗೆ ಮುಟ್ಟಿಸಬೇಕು.