ಶಬ್ದಗಳ ನೆಂಟಸ್ತನ

ಸುರತ್ಕಲ್ಲಿನಿಂದ ಮಂಗಳೂರಿನ ಸ್ಟೇಟ್ ಬ್ಯಾಂಕಿಗೆ ಬರುವ ಬಸ್ಸಿನಲ್ಲಿ, ಕಿಟಕಿಯ ಬಳಿ ಕುಳಿತ ತರುಣನೊಬ್ಬನು ತುಟಿಯಲ್ಲಾಡಿಸುತ್ತ ಏನನ್ನೋ ಜಪಿಸುತ್ತಿದ್ದರೆ, ವಾಚಕರು ಅವನನ್ನು ಮಂತ್ರೋಪಾಸಕನೆಂದು ಭಾವಿಸಬೇಕಾಗಿಲ್ಲ. ಅವನ ಕೈಯ ಮೊಬೈಲಿನಲ್ಲಿ ಇಂಗ್ಲಿಷ್ ಶಬ್ದಗಳು ಒಂದೊಂದಾಗಿ ಸರಿಯುತ್ತಿವೆ. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಉನ್ನತ ವ್ಯಾಸಂಗ ಬಯಸುವವರು ಬರೆಯುವ ಜಿ.ಆರ್.ಇ. ಪರೀಕ್ಷೆಗೆ ಅವನು ಸಿದ್ಧನಾಗುತ್ತಿದ್ದಾನೆ. ಈಚೆಗೆ ಅನೇಕ ವಿಭಾಗಗಳು ಈ ಪರೀಕ್ಷೆಯನ್ನು ಕಡ್ಡಾಯವೆನ್ನದಿದ್ದರೂ ಅದರ ಭಯ ಇನ್ನೂ ಹೋಗಿಲ್ಲ. ಭಾಷಾವಿಭಾಗದಲ್ಲಿ ದೊರೆಯುವ ಅಂಕ 130ರಿಂದ 170ರವರೆಗೆ. ಅದಕ್ಕಾಗಿ ಬ್ಯಾರನ್ ಕೈಪಿಡಿಯ 3,500 ಶಬ್ದಗಳ ಪಟ್ಟಿಯೊಡನೆ ಸೆಣಸಿದ ಶೂರರು ನಮ್ಮಲ್ಲಿ ಎಷ್ಟೋ ಮಂದಿ.

ಬಾಯಿಪಾಠವನ್ನು ನಾನು ಹಳಿಯಲಾರೆ. ನಮ್ಮ ಹಿರಿಯರು ಅಮರಕೋಶವನ್ನು ಹಾಗೆಯೇ ಕಲಿತರು. ಆದರೆ ಅಮರಸಿಂಹನು ಶಬ್ದಗಳನ್ನು ಅರ್ಥದ ನೆಂಟಸ್ತನವರಿತು ಕೂಡಿಸಿದನು. ನೀರಿಗೆ ಸಂಬಂಧಿಸಿದುವು ವಾರಿವರ್ಗದಲ್ಲಿ, ಗಿಡಮೂಲಿಕೆಗಳು ವನೌಷಧಿವರ್ಗದಲ್ಲಿ. ಮೇಲೆ ಛಂದಸ್ಸಿನ ಲಯ. ಅಕ್ಷರಾನುಕ್ರಮದ ಪಟ್ಟಿಯಲ್ಲಿ ಇಂಥ ಬಾಂಧವ್ಯವೆಲ್ಲಿ? 'ಅಬೇಟ್' ಎಂಬುದರ ಸಮೀಪದಲ್ಲಿಯೇ 'ಅಬ್ಡಿಕೇಟ್'. ಒಂದು ಬಿರುಗಾಳಿ ತಗ್ಗುವ ಮಾತು, ಇನ್ನೊಂದು ಅರಸನು ಸಿಂಹಾಸನ ತೊರೆಯುವ ಮಾತು. ಬಸ್ಸಿನಲ್ಲಿ ಒಂದೇ ಆಸನದ ಮೇಲೆ ಕುಳಿತ ಅಪರಿಚಿತರಂತೆ, ಇಳಿದ ಮೇಲೆ ಒಬ್ಬರ ನೆನಪು ಇನ್ನೊಬ್ಬರಿಗಿಲ್ಲ.

ಪರೀಕ್ಷೆಯಾದರೂ ಹಿಂದಿನಂತಿಲ್ಲ. ವಿರುದ್ಧಾರ್ಥಕ ಪದವನ್ನು ಹುಡುಕುವ, ಪದಯುಗ್ಮಗಳ ಸಂಬಂಧವನ್ನು ಹೋಲಿಸುವ ಪ್ರಶ್ನೆಗಳು 2011ರಲ್ಲಿಯೇ ಮರೆಯಾದುವು. ಈಗ ವಾಕ್ಯದಲ್ಲಿ ಬಿಟ್ಟ ಸ್ಥಳಕ್ಕೆ ತಕ್ಕ ಶಬ್ದವನ್ನು ತುಂಬಬೇಕು. ವಾಕ್ಯಕ್ಕೆ ಒಂದೇ ಅರ್ಥವನ್ನು ಕೊಡುವ ಎರಡು ಶಬ್ದಗಳನ್ನು ಆರಿಸಬೇಕು. ಗದ್ಯಭಾಗವನ್ನು ಓದಿ ಉತ್ತರಿಸಬೇಕು. ಎಂದರೆ, ಶಬ್ದದ ಮುಖಪರಿಚಯ ಸಾಲದು. ಅದರ ನಡತೆ ತಿಳಿದಿರಬೇಕು.

ಇಂಥ ಪರೀಕ್ಷಾರ್ಥಿಯೊಬ್ಬನನ್ನು ನಾನೊಮ್ಮೆ, "'ಗ್ಯಾರುಲಸ್' ಎಂದರೇನಪ್ಪಾ?" ಎಂದು ಕೇಳಿದೆ.

"ಲೊಕ್ವೇಶಸ್, ಸರ್."

"ಹಾಗೆಂದರೆ?"

"ವರ್ಬೋಸ್, ಸರ್."

"ಅದೆಂದರೆ?"

"ಗ್ಯಾರುಲಸ್, ಸರ್" ಎಂದು ಗಾಣದೆತ್ತಿನಂತೆ ಹೊರಟಲ್ಲಿಗೇ ಬಂದು ನಿಂತನು. ಕನ್ನಡದಲ್ಲಿ ಹೇಳೆಂದರೆ, ಬಹಳ ಯೋಚಿಸಿ, "ಕನ್ನಡದಲ್ಲಿ ಅದಕ್ಕೆ ಶಬ್ದ ಇಲ್ಲವೇನೋ, ಸರ್" ಎಂದನು.

ಮಾತುಗಾರ, ವಾಚಾಳಿ, ಬಾಯಿಬಡುಕ—ಈ ಮೂವರೂ ಅವನ ಕೇರಿಯಲ್ಲಿಯೇ ವಾಸವಾಗಿದ್ದಾರೆ! ಅತಿಥಿಯೊಬ್ಬರನ್ನು ಸಭೆಗೆ ಮಾತುಗಾರರೆಂದು ಪರಿಚಯಿಸಬಹುದು. ಬಾಯಿಬಡುಕರೆಂದು ಪರಿಚಯಿಸಿದರೆ ಸಭೆ ಅಲ್ಲಿಗೆ ಮುಗಿದಂತೆಯೇ. ಪರೀಕ್ಷೆ ಕೇಳುವುದೂ ಇಂಥ ತಾರತಮ್ಯವನ್ನೇ. ಹುಡುಗನಲ್ಲಿ ಆ ವಿವೇಕವಿತ್ತು. ಅದಿರುವುದು ತನ್ನ ನುಡಿಯಲ್ಲಿ ಎಂಬ ಅರಿವು ಮಾತ್ರ ಇರಲಿಲ್ಲ. ನನ್ನನ್ನು ಕಳವಳಗೊಳಿಸಿದ್ದು ಇದೇ. ಹೊಸ ಶಬ್ದಗಳಿಗಾಗಿ ಹಳೆಯವನ್ನು ಮನೆಯಿಂದ ಹೊರಗಟ್ಟಿದರೆ ಹೊಸವು ನೆಲಸುವುದಾದರೂ ಎಲ್ಲಿ?

ಶಬ್ದಗಳನ್ನು ಕಲಿಯುವುದು ಹೇಗೆಂಬುದಕ್ಕೆ ನಮ್ಮ ಮಂಗಳೂರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಇದು ನಿಘಂಟುಗಳ ಊರು. 1883ರಲ್ಲಿ ಮಫೆಯಿಯವರ ಇಂಗ್ಲಿಷ್-ಕೊಂಕಣಿ ಕೋಶ, 1886ರಲ್ಲಿ ಮ್ಯಾನರರ ತುಳು-ಇಂಗ್ಲಿಷ್ ಕೋಶ, 1894ರಲ್ಲಿ ಕಿಟ್ಟೆಲರ ಕನ್ನಡ-ಇಂಗ್ಲಿಷ್ ಕೋಶ—ಮೂರೂ ಇಲ್ಲಿಯ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದುವು. 1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲರು ಸುಮಾರು 70,000 ಶಬ್ದಗಳನ್ನು ಕೂಡಿಸಿದರು. ಬರಿಯ ಅರ್ಥವನ್ನು ಎದುರಿಗಿಟ್ಟು ಅವರು ಸುಮ್ಮನಾಗಲಿಲ್ಲ. ಹಳಗನ್ನಡ ಕಾವ್ಯಗಳ ಪ್ರಯೋಗಗಳನ್ನು ತೋರಿಸಿದರು. ಜನರ ಬಾಯ ಗಾದೆಗಳನ್ನು ಸೇರಿಸಿದರು. ಶಬ್ದಗಳ ಮೂಲವನ್ನು ಕೆದಕಿದರು. ಕೋಶಕ್ಕಿಂತ ಮೊದಲು, 1872ರಲ್ಲಿ, ಕೇಶಿರಾಜನ ವ್ಯಾಕರಣವನ್ನು ಸಂಪಾದಿಸಿದ್ದರು. ಪ್ರಯೋಗ, ಮೂಲ, ಸಂಬಂಧ—ಪರಭಾಷೆಯ ಶಬ್ದವನ್ನು ತನ್ನದಾಗಿಸಿಕೊಳ್ಳುವ ದಾರಿ ಇಷ್ಟೆ.

ಈ ಮೂಲಶೋಧನೆಯಲ್ಲಿ ನಮ್ಮ ಹುಡುಗರಿಗೆ ಒಂದು ಅನುಕೂಲವುಂಟು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದನಷ್ಟೆ. ಪರೀಕ್ಷೆಯ ಕಠಿಣ ಶಬ್ದಗಳಲ್ಲಿ ಬಹುಪಾಲು ಗ್ರೀಕ್-ಲ್ಯಾಟಿನ್ ಸಂತಾನ. ನಮ್ಮ ನುಡಿಯಲ್ಲಿ ಬೆರೆತ ಸಂಸ್ಕೃತ ಪದಗಳು ಅವುಗಳಿಗೆ ದಾಯಾದಿಗಳು. 'ಅನಾನಿಮಸ್' ಎಂಬುದು ನಮ್ಮ ಅನಾಮಕನೇ. ಸುಲಭವಾಗಿ ನಂಬುವವನು 'ಕ್ರೆಡ್ಯುಲಸ್'. ಆ 'ಕ್ರೆಡ್' ನಮ್ಮ ಶ್ರದ್ಧೆಯ ಬಂಧು. 'ಇಗ್ನೊರಂಟ್' ಎಂಬುದರಲ್ಲಿ ಅಜ್ಞನು ಅಡಗಿದ್ದಾನೆ. 'ಇಗ್ನಾಮಿನಿ' ಎಂದರೆ ಅಪಕೀರ್ತಿ; ಅದರ ಒಡಲಿನಲ್ಲಿರುವುದು 'ನಾಮ'. ನಾವೂ 'ಹೆಸರು ಕೆಟ್ಟಿತು' ಎನ್ನುವುದಿಲ್ಲವೆ?

ಆದರೆ ಮುಖ ಹೋಲಿದವರೆಲ್ಲ ನೆಂಟರಲ್ಲ. ಕನ್ನಡದ 'ಕೊಲ್', ಇಂಗ್ಲಿಷಿನ 'ಕಿಲ್'—ರೂಪ ಸಮೀಪ, ಅರ್ಥ ಒಂದೇ. ಸಂಬಂಧ ಮಾತ್ರ ಇಲ್ಲ. ಆದುದರಿಂದ ಊಹೆಯ ಬೆನ್ನಿಗೇ ನಿಘಂಟನ್ನು ತೆರೆಯಬೇಕು.

ಹಾಗಾದರೆ ಮಾಡಬೇಕಾದುದೇನು? ದಿನಕ್ಕೆ ಹತ್ತೇ ಶಬ್ದಗಳು ಸಾಕು. ಪ್ರತಿಯೊಂದರ ಎದುರು ಮೂಲವನ್ನೂ, ಕನ್ನಡದ ಸಮೀಪಪದವನ್ನೂ, ತಾನೇ ರಚಿಸಿದ ಒಂದು ವಾಕ್ಯವನ್ನೂ ಬರೆಯಲಿ. ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿದ್ದರೆ ಅದರಲ್ಲಿಯೇ ಬರೆದುಕೊಳ್ಳಲಿ. ವಾಕ್ಯವು ಬಂದರಿನ ಮೀನುಪೇಟೆಯದಾಗಿರಲಿ, ಆಷಾಢದ ಮಳೆಯದಾಗಿರಲಿ. ಮಳೆ ತಗ್ಗುವುದನ್ನು ಕಂಡವನಿಗೆ 'ಅಬೇಟ್' ಮರೆಯದು. ಮರುದಿನ ಒಮ್ಮೆ, ಮೂರನೆಯ ದಿನ ಒಮ್ಮೆ, ವಾರ ಕಳೆದು ಮತ್ತೊಮ್ಮೆ ಪುಟ ತಿರುವಲಿ. ಜೊತೆಗೆ ಒಳ್ಳೆಯ ಇಂಗ್ಲಿಷ್ ಗದ್ಯವನ್ನು ದಿನಕ್ಕೆ ನಾಲ್ಕು ಪುಟವಾದರೂ ಓದಲಿ. ಶಬ್ದಗಳು ಸಂಸಾರ ಹೂಡಿರುವುದು ಅಲ್ಲಿಯೇ ಹೊರತು ಪಟ್ಟಿಯಲ್ಲಲ್ಲ.

ಈ ಪರೀಕ್ಷೆಯ ಅಂಕಗಳಿಗೆ ಆಯುಸ್ಸು ಐದೇ ವರ್ಷ. ಆಮೇಲೆ ಅವನ್ನು ಯಾವ ವಿಶ್ವವಿದ್ಯಾನಿಲಯಕ್ಕೂ ಕಳುಹಿಸಲಾಗುವುದಿಲ್ಲ. ಅಷ್ಟರಲ್ಲಿ ಪಟ್ಟಿಯ ಶಬ್ದಗಳೂ ಮರೆತುಹೋಗಿರುತ್ತವೆ. ಅಮ್ಮನ ಮಾತಿನ ಜೊತೆ ಗಂಟುಹಾಕಿಕೊಂಡು ಕಲಿತ ಶಬ್ದಗಳಾದರೋ ಕಡಲಾಚೆಗೂ ಬರುತ್ತವೆ. ಬರುವಾಗ ಅಮ್ಮನ ಮಾತನ್ನೂ ಕೈಹಿಡಿದು ಕರೆತರುತ್ತವೆ.