ಪ್ರತಿಗಳ ಪಾಠಾಂತರ

ತಾಳೆಗರಿಯ ಗ್ರಂಥವನ್ನು ಸಂಪಾದಿಸುವ ವಿದ್ವಾಂಸರು ಒಂದೇ ಪ್ರತಿಯನ್ನು ನಂಬಿ ಕೂರುವುದಿಲ್ಲ. ಲಿಪಿಕಾರನೊಬ್ಬನು ಒಂದು ಪದ್ಯವನ್ನೇ ಬಿಟ್ಟಿರಬಹುದು; ಮತ್ತೊಬ್ಬನು ಎರಡು ಸಾಲುಗಳನ್ನು ಬೆಸೆದಿರಬಹುದು. ಕನ್ನಡದ ಅಧ್ಯಾಪಕನಾಗಿದ್ದ ನನಗೆ ಚಿರಪರಿಚಿತವಾದ ಈ ಎಚ್ಚರಿಕೆಯು ಕ್ಯಾನ್ಸರ್ ಚಿಕಿತ್ಸೆಯಲ್ಲಿಯೂ ಅವಶ್ಯಕವೆಂಬುದು ನನ್ನ ಅಭಿಪ್ರಾಯ.

ನಮ್ಮ ಜೀವಕೋಶದಲ್ಲಿ ಡಿ.ಎನ್.ಎ. ಮೂಲಗ್ರಂಥವಿದ್ದಂತೆ, ಆರ್.ಎನ್.ಎ. ಅದರಿಂದ ತೆಗೆದ ಪ್ರತಿ. ಪ್ರೋಟೀನು ತಯಾರಾಗುವುದು ಈ ಪ್ರತಿಯ ಪ್ರಕಾರವೇ. 1977ರಲ್ಲಿ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರ ತಂಡಗಳು ಬೇರೆ ಬೇರೆಯಾಗಿ ದುಡಿದು ಒಂದು ಅಚ್ಚರಿಯನ್ನು ಕಂಡವು. ಜೀನಿನ ಬರಹವು ತುಂಡುತುಂಡಾಗಿರುತ್ತದೆ. ಕೋಶವು ನಡುವಣ ಭಾಗಗಳನ್ನು ಕತ್ತರಿಸಿ, ಉಳಿದವನ್ನು ಜೋಡಿಸಿ ಪ್ರತಿಯನ್ನು ಸಿದ್ಧಪಡಿಸುತ್ತದೆ. ಇದಕ್ಕಾಗಿ ಅವರಿಬ್ಬರಿಗೆ 1993ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಜೋಡಣೆ ಬದಲಾದರೆ ಒಂದೇ ಜೀನಿನಿಂದ ಹಲವು ಬಗೆಯ ಪ್ರತಿಗಳು ಹುಟ್ಟುತ್ತವೆ. ಆರೋಗ್ಯವಂತ ದೇಹಕ್ಕೆ ಇದೊಂದು ಸಂಪತ್ತು. ಕ್ಯಾನ್ಸರ್ ಕೋಶಕ್ಕೆ ತಪ್ಪಿಸಿಕೊಳ್ಳುವ ಕಳ್ಳದಾರಿ.

ಮೆಲನೋಮ ಎಂಬ ಚರ್ಮದ ಕ್ಯಾನ್ಸರನ್ನೇ ನೋಡಿರಿ. ಈ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ಗಡ್ಡೆಗಳಲ್ಲಿ ಬಿ-ರಾಫ್ ಎಂಬ ಜೀನು ಕೆಟ್ಟಿರುತ್ತದೆ. ಕೆಟ್ಟ ಜೀನಿನ ಪ್ರೋಟೀನು ‘ಬೆಳೆ, ಬೆಳೆ’ ಎಂದು ಕೋಶಕ್ಕೆ ಎಡೆಬಿಡದೆ ಆಜ್ಞೆ ಕೊಡುತ್ತದೆ. ಇದನ್ನು ತಡೆಯುವ ವೆಮುರಾಫೆನಿಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ದೊರೆಯಿತು. ಅನೇಕರಲ್ಲಿ ಗಡ್ಡೆಗಳು ಕುಗ್ಗಿದವು. ಕೆಲವು ತಿಂಗಳುಗಳಲ್ಲಿ ಮರಳಿ ಬೆಳೆದವು. ಅದೇ ವರ್ಷ ಸಂಶೋಧಕರು, ಹೀಗೆ ಔಷಧವು ಸೋತ 19 ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿದರು. 6 ಮಂದಿಯಲ್ಲಿ ನಡುವಣ ತುಂಡುಗಳು ಬಿಟ್ಟುಹೋದ ಬಿ-ರಾಫ್ ಪ್ರತಿಗಳು ಕಂಡುಬಂದವು. ಈ ಮೊಟಕು ಪ್ರೋಟೀನು ತನ್ನಂಥ ಇನ್ನೊಂದರೊಡನೆ ಸುಲಭವಾಗಿ ಜೋಡಿಗೂಡುತ್ತದೆ. ಒಂಟಿಯಾದುದನ್ನು ಕಟ್ಟಿಹಾಕುವ ಔಷಧಕ್ಕೆ ಜೋಡಿಯನ್ನು ಹಿಡಿಯುವ ಬಲವಿಲ್ಲ. ಜೀನಿನ ಹಳೆಯ ದೋಷವಾದರೋ ಮೊದಲಿನಂತೆಯೇ ಇತ್ತು! ಆ ದೋಷವೊಂದನ್ನೇ ಹುಡುಕುವ ಪರೀಕ್ಷೆಯು ‘ಇದೇ ತಕ್ಕ ಔಷಧ’ ಎಂದು ಮತ್ತೆ ಹೇಳುತ್ತಿತ್ತು.

ಪಾಠಾಂತರಗಳೆಲ್ಲವೂ ಅರ್ಥವನ್ನು ಕೆಡಿಸುವುದಿಲ್ಲ, ಅವನ್ನೆಲ್ಲ ಓದಿಸಲು ಹಣವೆಲ್ಲಿ ಎಂದು ಕೆಲವರು ಕೇಳಬಹುದು. ಆ ಮಾತು ಸುಳ್ಳಲ್ಲ. ಆದರೆ ಪ್ರತಿಯನ್ನು ಚೂರುಮಾಡಿ ಓದಿ, ಯಾವ ಚೂರು ಎಲ್ಲಿಯದೆಂದು ಊಹಿಸಬೇಕಾಗಿದ್ದ ಕಷ್ಟ ಈಗ ಅನಿವಾರ್ಯವಲ್ಲ. ತುದಿಯಿಂದ ತುದಿಗೆ ಇಡಿಯಾಗಿ ಓದುವ ಯಂತ್ರಗಳು ಬಂದಿವೆ. ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಬೇಡ. ಫಲ ಕೊಡುತ್ತಿದ್ದ ಔಷಧವು ಸೋತಾಗಲಾದರೂ, ಮುಂದಿನ ಔಷಧವನ್ನು ಆರಿಸುವ ಮುನ್ನ, ಮರಳಿದ ಗಡ್ಡೆಯ ಪ್ರತಿಗಳನ್ನು ಓದಬೇಕು. ಆ ಸೌಕರ್ಯವು ಸಂಶೋಧನಾಲಯಗಳಲ್ಲಿಯೇ ಉಳಿಯದೆ, ರೋಗಿಯು ಮಲಗಿರುವ ಆಸ್ಪತ್ರೆಗೂ ಬರಬೇಕು.